ರನ್‌ವೇಗೆ ನೀರು ಹೊಡೆಸಿದ ದಿನ

ಗಾಳಿ ಬಂತು, ವಿಮಾನ ಮುಗ್ಗರಿಸಿತು. ಶಿರ್ವದಿಂದ ಕಾಪುವರೆಗೆ ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ. ಸ್ವಲ್ಪ ಪುರುಸೊತ್ತು ಇದ್ದವರು "ಕಡಲಿನ ಕಡೆಯಿಂದ ಒಮ್ಮೆಲೇ ಒಂದು ಗಾಳಿ ಬಂತು ನೋಡಿ" ಎಂದು ಕೈಯನ್ನು ಪಶ್ಚಿಮದಿಂದ ಪೂರ್ವಕ್ಕೆ ಬೀಸಿ ತೋರಿಸುತ್ತಾರೆ. ಹಾಗೆ ತೋರಿಸುವವರಲ್ಲಿ ಅರ್ಧ ಮಂದಿ ಆ ಹೊತ್ತಿಗೆ ಊಟದ ಚಪ್ಪರದಲ್ಲಿ ಎಲೆಯ ಮುಂದೆ ಕೂತಿದ್ದರು. ಅವರ ಬೆನ್ನು ರನ್‌ವೇ ಕಡೆಗಿತ್ತು.

ಗಾಳಿ ಬಂತು ಎಂದರೆ ಏನು? ಬೇಸಿಗೆ ಶುರುವಾದ ಮೇಲೆ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು ದಾಟಿತೆಂದರೆ ಕಡಲ ಗಾಳಿ ಏಳುತ್ತದೆ. ಎರ್ಮಾಳಿನ ದೋಣಿಯವರಿಗೆ ಅದು ಗೊತ್ತು. ಅಂಗಳದಲ್ಲಿ ಹಪ್ಪಳ ಒಣಗಿಸುವ ನನ್ನ ಅಮ್ಮನಿಗೂ ಗೊತ್ತು. ಹನ್ನೊಂದೂವರೆಗೇ ಬಟ್ಟೆಯ ನಾಲ್ಕು ಮೂಲೆಗೆ ಕಲ್ಲು ಇಡುತ್ತಾಳೆ. ದಿನಾ ಒಂದೇ ಹೊತ್ತಿಗೆ ಒಂದೇ ದಿಕ್ಕಿನಿಂದ ಬರುವುದನ್ನು ಹಠಾತ್ತನೆ ಬಂತು ಎಂದು ದೂರುವುದು ಯಾವ ನ್ಯಾಯ? ಗಾಳಿಯ ಜಾಗದಲ್ಲಿ ಬಸ್ಸು ಇದ್ದಿದ್ದರೆ ಟೈಮಿಂಗ್ ಬಹಳ ಪಕ್ಕಾ ಎಂದು ಹೊಗಳುತ್ತಿದ್ದೆವು.

ಇನ್ನೊಂದು ಕಥೆಯೂ ಉಂಟು. ರನ್‌ವೇ ಮಾಡಲು ಗದ್ದೆಗೆ ಮಣ್ಣು ತುಂಬಿಸುವ ಮೊದಲು ಸರಿಯಾಗಿ ಪ್ರಾರ್ಥನೆ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಎಂಬುದು. ಮನೆಗೆ ಬಂದು ಹಾಗೆ ಹೇಳಿದ ದೂರದ ಸಂಬಂಧಿಯೊಬ್ಬರಿಗೆ ನಾನು "ಪ್ರಾರ್ಥನೆ ಮಾಡಿದ್ದಿದ್ದರೆ ಮಣ್ಣು ಗಟ್ಟಿಯಾಗ್ತಿತ್ತಾ?" ಎಂದು ಕೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನಾನು ಕಾನೂನು ಓದಿದವಳು, ಈಗ ಉಡುಪಿಯಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಗೆ ಹೋದವಳು. ಅಲ್ಲಿ ನಮಗೆ ಮೊದಲು ಕಲಿಸುವುದು ಏನೆಂದರೆ, ನಿನ್ನ ವಾದದ ದುರ್ಬಲ ಜಾಗವನ್ನು ಎದುರಿನವರು ಮುಟ್ಟುವ ಮೊದಲು ನೀನೇ ತೋರಿಸಿಬಿಡು. ಹಾಗಾಗಿ ಹೇಳಿಬಿಡುತ್ತೇನೆ: ವಿಮಾನ ಮುಗ್ಗರಿಸಿದ್ದು ರನ್‌ವೇಗೆ ಟ್ಯಾಂಕರಿನಿಂದ ನೀರು ಹೊಡೆದದ್ದರಿಂದ. ನೀರು ಹೊಡೆಯಿರಿ ಎಂದು ಮೈಕಿನಲ್ಲಿ ಹೇಳಿದವಳು ನಾನು.

ವಿಮಾನ ಹಾರಿಸಿದ್ದು ನನ್ನ ಮಾಮ, ಅಮ್ಮನ ತಮ್ಮ. ಕೊಲ್ಲಿಯ ಒಂದು ವಿಮಾನ ನಿಲ್ದಾಣದಲ್ಲಿ ದೊಡ್ಡ ವಿಮಾನಗಳ ಚಕ್ರ, ಬ್ರೇಕು ನೋಡಿಕೊಳ್ಳುತ್ತ ಆಯುಷ್ಯದ ಬಹುಭಾಗ ಕಳೆದವರು. ಉಳಿದವರು ಅಲ್ಲಿಂದ ಬರುವಾಗ ಏನೇನೋ ತರುತ್ತಾರೆ. ಮಾಮ ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ತಂದರು. ಬಂದ ಮೇಲೆ ಇಬ್ಬರು ಗೆಳೆಯರ ಜೊತೆ ಸೇರಿ ಎರಡು ಸೀಟಿನ ಒಂದು ಹಳೆಯ ವಿಮಾನ ತೆಗೆದುಕೊಂಡರು. ಒಳಗೆ ಕೂತರೆ ರಿಕ್ಷಾದಲ್ಲಿ ಕೂತ ಹಾಗೆಯೇ. ಪಕ್ಕದವರ ಮೊಣಕೈ ನಮ್ಮ ಪಕ್ಕೆಲುಬಿಗೆ ತಾಗುತ್ತದೆ. ಮಾಮನ ಆಸೆ ದೊಡ್ಡದೇನೂ ಆಗಿರಲಿಲ್ಲ. ಊರಿನವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮೇಲೆ ಹೋಗಿ, ಅವರವರ ಮನೆಯ ಮಾಡು ತೋರಿಸಬೇಕು. ಮೊದಲ ಸರದಿ ಅಮ್ಮನದ್ದು ಎಂದು ಹೇಳಿಯೂ ಆಗಿತ್ತು. "ನಿನ್ನ ಹಪ್ಪಳ ಕಾಣ್ತದಾ ನೋಡುವ" ಎನ್ನುತ್ತಿದ್ದರು. "ನಾನು ಬರುವುದಿಲ್ಲ, ನನಗೆ ಜಾರುಬಂಡಿ ಅಂದ್ರೇ ಹೆದರಿಕೆ" ಎನ್ನುತ್ತಿದ್ದಳು ಅಮ್ಮ. ಆದರೆ ಆ ದಿನಕ್ಕೆ ಉಡಲು ಸೀರೆ ತೆಗೆದಿಟ್ಟಿದ್ದಳು.

ಜಾಗದ ವಿಷಯದಲ್ಲಿಯೇ ಮೊದಲ ತಪ್ಪು. ಮಾಮ ಕೇಳಿದ್ದು ಕಾರ್ಕಳದ ಕಡೆ ಒಂದು ಪದವು. ನಮ್ಮಲ್ಲಿ ಪದವು ಎಂದರೆ ಎತ್ತರದ ಮುರಕಲ್ಲಿನ ಬಯಲು. ನೆಲ ಎಷ್ಟು ಗಟ್ಟಿಯೆಂದರೆ ಹಾರೆ ಹೊಡೆದರೆ ಕೈಗೆ ಜುಮ್ಮೆನ್ನುತ್ತದೆ. ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಆದರೆ ಮೊದಲ ಹಾರಾಟದ ಉದ್ಘಾಟನೆಗೆಂದು ಊರಿನಲ್ಲಿ ಹುಟ್ಟಿಕೊಂಡ ಸಮಿತಿಗೆ ಅದು ದೂರವಾಯಿತು. "ಅಲ್ಲಿಗೆ ಜನ ಯಾರು ಬರ್ತಾರೆ ಮಾರಾಯ್ರೆ? ಹೈವೇ ಹತ್ತಿರ ಬೇಕು" ಎಂದರು ಸಮಿತಿಯ ಅಧ್ಯಕ್ಷರು. ಶಿರ್ವದಿಂದ ಕಾಪುವಿಗೆ ಹೋಗುವ ದಾರಿಯಲ್ಲಿ ಅವರದ್ದೇ ಒಂದು ತಗ್ಗಿನ ಗದ್ದೆ ಇತ್ತು, ಬೇಸಾಯ ಬಿಟ್ಟದ್ದು. ಮಳೆಗಾಲ ಮುಗಿದ ಮೇಲೆ ಅದಕ್ಕೆ ಲಾರಿಗಟ್ಟಲೆ ಕೆಂಪು ಮಣ್ಣು ತುಂಬಿಸಿ ರೋಲರ್ ಓಡಿಸಿದರು. ಒಂದು ಬದಿಗೆ ಹಳ್ಳದಂಥ ತೋಡು, ಇನ್ನೊಂದು ಬದಿಗೆ ರಸ್ತೆ. ಹಾಗಾಗಿ ರನ್‌ವೇ ಉತ್ತರ ದಕ್ಷಿಣವಾಗಿಯೇ ಆಗಬೇಕು, ಬೇರೆ ದಾರಿಯಿಲ್ಲ. ಗಾಳಿ ಬರುವುದು ಪಶ್ಚಿಮದಿಂದ. ಅಂದರೆ ಇಳಿಯುವ ವಿಮಾನಕ್ಕೆ ಅದು ಯಾವತ್ತೂ ಅಡ್ಡಗಾಳಿಯೇ.

ಮಾಮ ಬಂದು ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿದರು. ನಾನೂ ಜೊತೆಗಿದ್ದೆ.

"ಮಣ್ಣು ಇನ್ನೂ ಕೂತಿಲ್ಲ ಮಗಾ. ಎರಡು ಮಳೆಗಾಲ ಕುಡಿದ ಮೇಲೆ ಗಟ್ಟಿಯಾಗುವುದು ಇದು."

"ಹಾಗಾದರೆ ಬೇಡ ಹೇಳಿ."

"ಒಣಗಿದ್ದರೆ ತೊಂದರೆ ಇಲ್ಲ. ಬೆಳಿಗ್ಗೆ ಎಂಟರ ಒಳಗೆ ಹೋಗಿ ಬಂದುಬಿಡುವ. ಆಗ ಗಾಳಿಯೂ ಮಲಗಿರ್ತದೆ. ಮಳೆ ಬಿದ್ದ ನೆಲದಲ್ಲಿ ಮಾತ್ರ ನಾನು ಇಳಿಯುವುದಿಲ್ಲ, ಅದು ಖಂಡಿತ."

ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗಲೂ ಒಂದು ಪದ ಹೆಚ್ಚು ಕಡಿಮೆ ಮಾಡಿಲ್ಲ. ನೆಲ ಒಣಗಿರಬೇಕು ಎಂದು ಅವರು ಹೇಳಿದ್ದನ್ನು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ.

ಉದ್ಘಾಟನೆಯ ದಿನ ಬೆಳಿಗ್ಗೆ ಏಳಕ್ಕೇ ನಾವೆಲ್ಲ ಅಲ್ಲಿದ್ದೆವು. ಶಾಮಿಯಾನ, ವೇದಿಕೆ, ಆರು ಕುರ್ಚಿ, ಶಾಲು, ಹಣ್ಣಿನ ಬುಟ್ಟಿ. ನಿರೂಪಣೆ ನನ್ನದು. ಚರ್ಚಾಸ್ಪರ್ಧೆಗೆ ಹೋದವರಿಗೆ ನಮ್ಮೂರಿನಲ್ಲಿ ಬರುವ ಬಹುಮಾನ ಅದೇ, ಊರಿನ ಎಲ್ಲ ಕಾರ್ಯಕ್ರಮಕ್ಕೂ ಮೈಕು ಹಿಡಿಯುವುದು. ಇನ್ನೊಂದು ಕೆಲಸವೂ ನನಗಿತ್ತು. ಮಾಮ ಒಂದು ವಾಕಿಟಾಕಿ ಕೊಟ್ಟು, "ನಾನು ವಾಪಸ್ ಬರುವಾಗ ಗಾಳಿ ಹೇಗುಂಟು ಹೇಳಬೇಕು, ಅಷ್ಟೇ" ಎಂದಿದ್ದರು. ರನ್‌ವೇಯ ತುದಿಯಲ್ಲಿ ಕಂಬಕ್ಕೆ ಕಟ್ಟಿದ ಉದ್ದನೆಯ ಬಟ್ಟೆಯ ಚೀಲ ಇತ್ತು. ಅದು ಜೋತು ಬಿದ್ದಿದ್ದರೆ ಗಾಳಿಯಿಲ್ಲ. ಅಡ್ಡಕ್ಕೆ ನೆಟ್ಟಗೆ ನಿಂತರೆ ಜೋರು ಗಾಳಿ.

ಎಂಟಾಯಿತು, ಮುಖ್ಯ ಅತಿಥಿ ಬರಲಿಲ್ಲ. ಕಾರ್ಕಳದಲ್ಲಿ ಒಂದು ಮದುವೆಗೆ ಮುಖ ತೋರಿಸಿ ಬರುತ್ತಾರಂತೆ. ಹತ್ತಾಯಿತು. ಮಣಿಪಾಲದಲ್ಲಿ ಒಂದು ಗೃಹಪ್ರವೇಶ ಉಂಟಂತೆ, ಅಲ್ಲಿಂದ ಹೊರಟಿದ್ದಾರಂತೆ. ಹನ್ನೊಂದೂವರೆಗೆ ಮಾಮ ಅಧ್ಯಕ್ಷರ ಹತ್ತಿರ ಹೋಗಿ ನಿಂತರು.

"ಇವತ್ತು ಬೇಡ. ನಾಳೆ ಬೆಳಿಗ್ಗೆ ಮಾಡುವ."

"ಎಂತ ನಾಳೆ? ಊಟ ರೆಡಿ ಉಂಟು. ಮಟ್ಟುಗುಳ್ಳದ ಸಾಂಬಾರು ಮಾಡಿಸಿದ್ದೇವೆ. ಅದನ್ನು ನಾಳೆಗೆ ಇಡ್ಲಿಕ್ಕೆ ಆಗ್ತದಾ?"

ನನ್ನ ಎದುರಿಗೇ ಆದ ಮಾತು ಇದು. ಗುಳ್ಳಬದನೆಯ ಸಾಂಬಾರು ಹಳಸುತ್ತದೆ ಎಂಬ ವಾದ ಕೇಳಿ ಮಾಮ ಕಂಬದ ಚೀಲದ ಕಡೆ ನೋಡಿದರು. ನನ್ನ ಹತ್ತಿರ ಉತ್ತರ ಇತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. "ಸಾಂಬಾರು ಇವತ್ತೇ ಉಣ್ಣಿ, ವಿಮಾನ ನಾಳೆ ಹಾರಲಿ" ಎಂದು ಮಧ್ಯೆ ಬಾಯಿ ಹಾಕಿದೆ. ಅಧ್ಯಕ್ಷರು ನಕ್ಕು, "ನಿಮ್ಮ ಅಕ್ಕನ ಮಗಳು ಕೋರ್ಟಿನಲ್ಲಿ ಲಾಯ್ಕ ಮಾಡ್ತಾಳೆ" ಎಂದು ಮಾಮನ ಬೆನ್ನು ತಟ್ಟಿದರು. ಮಾಮನೂ ನಕ್ಕರು. ದಾಕ್ಷಿಣ್ಯದ ಮನುಷ್ಯ. ಅಡ್ಡಗಾಳಿಗೆ ಇಷ್ಟರವರೆಗೆ ಇಳಿಯಬಹುದು ಎಂದು ವಿಮಾನಕ್ಕೆ ಒಂದು ಮಿತಿ ಇರುತ್ತದೆ, ಆ ಹೊತ್ತಿನ ಗಾಳಿ ಅದರೊಳಗೇ ಇತ್ತು ಎಂದು ಆಮೇಲೆ ನನಗೆ ಹೇಳಿದರು. ಅದು ನಿಜವೇ ಇರಬೇಕು. ಗಾಳಿಯ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ.

ಹನ್ನೆರಡೂಮುಕ್ಕಾಲಿಗೆ ಮುಖ್ಯ ಅತಿಥಿ ಬಂದು ಹಸಿರು ಬಾವುಟ ಬೀಸಿದರು. ಮಾಮ ಒಬ್ಬರೇ ಕೂತ ವಿಮಾನ ಓಡಿ ಎದ್ದಿತು, ಜನ ಚಪ್ಪಾಳೆ ತಟ್ಟಿದರು. ಹಿಂದೆಯೇ ಕೆಂಪು ಧೂಳು ಎದ್ದು, ಗಾಳಿಯ ಜೊತೆಗೆ ಸೀದಾ ಶಾಮಿಯಾನದ ಒಳಗೆ ಬಂತು. ಅತಿಥಿಗಳ ಬಿಳಿ ಅಂಗಿ, ಹಣ್ಣಿನ ಬುಟ್ಟಿ, ನನ್ನ ಬಾಯಿ, ಎಲ್ಲದಕ್ಕೂ ಧೂಳು. ಒಂದು ನಿಮಿಷ ಎಲ್ಲರೂ ಕೆಮ್ಮಿದ್ದೇ ಕೆಮ್ಮಿದ್ದು.

ಆಗ ಚೀಟಿ ಬಂತು. ನಮ್ಮ ಕಾರ್ಯಕ್ರಮಗಳಲ್ಲಿ ನಿರೂಪಕಿಯ ಕೈಗೆ ಚೀಟಿ ಬರುತ್ತಲೇ ಇರುತ್ತದೆ. ಬಿಳಿ ಬಣ್ಣದ ಕಾರು ದಾರಿಗೆ ಅಡ್ಡ ಉಂಟು, ತೆಗೆಯಬೇಕಾಗಿ ವಿನಂತಿ. ಒಂದು ಬೀಗದ ಕೈ ಗೊಂಚಲು ಸಿಕ್ಕಿದೆ. ಇವರ ಹೆಸರು ಸ್ವಾಗತದಲ್ಲಿ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ. ನಾವು ಓದಿ ಯೋಚಿಸುವುದಿಲ್ಲ, ಓದುತ್ತಲೇ ಹೇಳಿಬಿಡುತ್ತೇವೆ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದ ಈ ಚೀಟಿಯನ್ನೂ ಹಾಗೆಯೇ ಹೇಳಿದೆ. "ಟ್ಯಾಂಕರಿನವರು ಎಲ್ಲಿದ್ದರೂ ದಯವಿಟ್ಟು ಬಂದು, ವಿಮಾನ ಮರಳುವ ಮೊದಲು ರನ್‌ವೇಗೆ ನೀರು ಹೊಡೆಯಬೇಕಾಗಿ ವಿನಂತಿ." ಎರಡು ಸಲ ಹೇಳಿದೆ. ಎರಡನೆಯ ಸಲ ದನಿ ಇನ್ನೂ ಚಂದ ಬಂತು ಎಂದು ನನಗೇ ಅನಿಸಿದ ನೆನಪೂ ಉಂಟು.

ಇದು ಎಂಥ ತಪ್ಪೆಂದು ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಮದುವೆಯಾಗಲಿ, ವಾರ್ಷಿಕೋತ್ಸವವಾಗಲಿ, ನೆಲ ಧೂಳು ಕಾರಿದರೆ ನೀರು ಹೊಡೆಯುತ್ತೇವೆ. ಬಂದವರ ಬಟ್ಟೆ ಹಾಳಾಗಬಾರದು, ಅದು ಮರ್ಯಾದೆ. ಆ ಮರ್ಯಾದೆ ಎಷ್ಟು ಒಗ್ಗಿಹೋಗಿದೆಯೆಂದರೆ, ಆ ನೆಲಕ್ಕೆ ಸ್ವಲ್ಪ ಹೊತ್ತಿನಲ್ಲಿ ವಿಮಾನವೊಂದು ಇಳಿಯಲಿಕ್ಕುಂಟು ಎಂಬುದು ಅಲ್ಲಿದ್ದ ಅಷ್ಟೂ ಜನರಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಒಣಗಿರಬೇಕು ಎಂದು ಕಿವಿಯಾರೆ ಕೇಳಿದ್ದ ನನ್ನ ತಲೆಗೂ ಹೋಗಲಿಲ್ಲ. ತುಂಬಿದ ಟ್ಯಾಂಕರ್ ರನ್‌ವೇಯ ಮೇಲೆ ಹಿಂದಕ್ಕೆ ಮುಂದಕ್ಕೆ ಓಡಿತು. ಮಣ್ಣು ಕಡುಗೆಂಪಾಯಿತು. ಧೂಳು ನಿಂತಿತು. ಯಾರೋ "ಹಾಂ, ಈಗ ಸರಿಯಾಯ್ತು" ಎಂದರು.

ಮಾಮ ಮಣಿಪಾಲದ ಮೇಲಿನಿಂದ ಉಡುಪಿಯನ್ನು ಸುತ್ತಿ, ಕಾಪುವಿನ ದೀಪಸ್ತಂಭದ ಹತ್ತಿರ ತಿರುಗಿ ವಾಪಸಾಗುವಾಗ ಮುಖ್ಯ ಅತಿಥಿಗಳ ಭಾಷಣ ನಡೆಯುತ್ತಿತ್ತು. ಅರ್ಧ ಜನ ಊಟಕ್ಕೆ ಹೋಗಿ ಆಗಿತ್ತು. ದಕ್ಷಿಣದಿಂದ ವಿಮಾನ ಬರುತ್ತಿರುವುದನ್ನು ವೇದಿಕೆಯ ಬದಿಯಿಂದ ನೋಡಿದೆ. ನೆಟ್ಟಗೆ ಬರಲಿಲ್ಲ, ಏಡಿಯ ಹಾಗೆ ಓರೆಯಾಗಿ, ಮೂಗನ್ನು ಕಡಲಿಗೆ ತಿರುಗಿಸಿಕೊಂಡು ಬಂತು. ಅಡ್ಡಗಾಳಿಗೆ ಹಾಗೆಯೇ ಬರಬೇಕು ಎಂದು ಮಾಮ ಮೊದಲೇ ಹೇಳಿದ್ದರಿಂದ ನನಗೆ ಹೆದರಿಕೆಯಾಗಲಿಲ್ಲ. ಕೊನೆಯ ಕ್ಷಣದಲ್ಲಿ ಮೂಗು ನೇರವಾಯಿತು, ಎಡಗಡೆ ಸ್ವಲ್ಪ ಬಾಗಿತು, ಗಾಳಿಯ ಬದಿಯ ಎಡಚಕ್ರ ಮೊದಲು ನೆಲ ಮುಟ್ಟಿತು. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆ ಚಕ್ರ ಟ್ಯಾಂಕರಿನ ಚಕ್ರ ಮಾಡಿಟ್ಟ ಹಸಿ ಹೊಂಡದೊಳಗೆ ಇಳಿಯಿತು. ವಿಮಾನ ಎಡಕ್ಕೆ ಗಕ್ಕನೆ ತಿರುಗಿತು, ಬಲರೆಕ್ಕೆ ನೆಲಕ್ಕೆ ಬಡಿಯಿತು, ಮೂಗು ಮಣ್ಣಿಗೆ ಹೂತು ಬಾಲ ಮೇಲಕ್ಕೆದ್ದು ಹಾಗೆಯೇ ನಿಂತಿತು. ಸದ್ದು ದೊಡ್ಡದೇನಲ್ಲ. ಬಕೆಟು ಬಾವಿಗೆ ಬಿದ್ದಷ್ಟು.

ಊಟದ ಎಲೆ ಬಿಟ್ಟು ಎದ್ದವರು ಎಂಜಲು ಕೈಯಲ್ಲೇ ಓಡಿದರು. ಮಾಮ ಬೆಲ್ಟಿನಲ್ಲಿ ಮುಂದಕ್ಕೆ ಜೋತುಬಿದ್ದಿದ್ದರು. "ಎಂಜಿನ್ ಬಂದ್ ಮಾಡಿದ್ದೇನೆ, ಹೆದರ್ಬೇಡಿ" ಎಂಬುದು ಅವರ ಮೊದಲ ಮಾತು. ಬಲಗೈಯ ಮಣಿಗಂಟು ಬೇರೆಯೇ ದಿಕ್ಕಿಗೆ ನೋಡುತ್ತಿತ್ತು. ಹಿಂದಿನಿಂದ ಮೈಕಿನಲ್ಲಿ ಅಧ್ಯಕ್ಷರ ದನಿ ಕೇಳಿತು: "ಯಾರೂ ಗಾಬರಿಪಡುವ ಅಗತ್ಯ ಇಲ್ಲ. ಊಟ ಮುಂದುವರಿಯುತ್ತದೆ."

ಆಸ್ಪತ್ರೆಯಿಂದ ಸಂಜೆ ಹಿಂದೆ ಬಂದು ಆ ಹೊಂಡಗಳ ಫೋಟೋ ತೆಗೆದೆ. ತೆಗೆದದ್ದು ಒಳ್ಳೆಯದಾಯಿತು. ಮೂರು ದಿನದ ಮೇಲೆ ತನಿಖೆಗೆ ಅಧಿಕಾರಿಗಳು ಬರುವಷ್ಟರಲ್ಲಿ, ಅವರು ಬರುವಾಗ ಚಂದ ಇರಲಿ ಎಂದು ಸಮಿತಿಯವರು ಇಡೀ ರನ್‌ವೇಗೆ ಇನ್ನೊಮ್ಮೆ ರೋಲರ್ ಓಡಿಸಿದ್ದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಮನೆಗೆ ನೆಂಟರು ಬರುವಾಗ ಗುಡಿಸುವ ಹಾಗೆ ಸಾಕ್ಷ್ಯವನ್ನು ಗುಡಿಸಿಬಿಟ್ಟರು. ಬೇಕೆಂದು ಮಾಡಿದ್ದಿದ್ದರೆ ಜಗಳವಾಡಬಹುದಿತ್ತು. ಇವರ ಹತ್ತಿರ ಹೇಗೆ ಜಗಳವಾಡುವುದು?

ಅಧ್ಯಕ್ಷರಿಗೆ ಚೀಟಿ ತೋರಿಸಿದೆ. ಕನ್ನಡಕ ಹಾಕಿ ನೋಡಿದರು.

"ನನ್ನದೇ ಅಕ್ಷರ. ಅದಕ್ಕೆ ಎಂತ ಈಗ?"

"ವಿಮಾನ ಇಳಿಯುವ ನೆಲಕ್ಕೆ ನೀರು ಹೊಡೆಸಿದ್ದು ನೀವು ಅಂತ ಒಪ್ಪಿಕೊಳ್ತೀರಾ?"

"ಧೂಳು ಎದ್ದರೆ ನೀರು ಹೊಡೆಸುವುದಲ್ವಾ? ನಿಮ್ಮ ಮನೆ ಮದುವೆಗೆ ಹೊಡೆಸುವುದಿಲ್ವಾ?"

"ಮದುವೆ ಮಂಟಪಕ್ಕೆ ಮದುಮಗ ವಿಮಾನದಲ್ಲಿ ಇಳಿಯುವುದಿಲ್ಲ."

"ತಂಗೀ," ಎಂದರು ಅವರು ಸಮಾಧಾನದಲ್ಲಿ, "ಗಾಳಿ ಬಂತು, ಆಯಿತು. ದೇವರು ದೊಡ್ಡವನು, ನಿಮ್ಮ ಮಾಮ ಉಳಿದರು. ಮೈಕಿನಲ್ಲಿ ಹೇಳಿದ್ದು ನೀವಲ್ವಾ? ನಾನು ನಿಮ್ಮ ಹೆಸರು ಎಲ್ಲಿಯೂ ಹೇಳಲಿಲ್ಲ, ಹೇಳುವುದೂ ಇಲ್ಲ."

ಉಪಕಾರ ಮಾಡಿದವರ ಮುಖ ಮಾಡಿಕೊಂಡು ಇದನ್ನು ಹೇಳಿ ಒಳಗೆ ಹೋಗಿ ನನಗೆ ಶರಬತ್ತು ತಂದರು.

ಟ್ಯಾಂಕರಿನ ಚಾಲಕ ಇವರಿಗಿಂತ ವಾಸಿ. ಬೋರ್‌ವೆಲ್ಲಿನ ಪೈಪನ್ನು ಟ್ಯಾಂಕಿಗೆ ಬಿಟ್ಟು ಬೀಡಿ ಸೇದುತ್ತ ಕೂತಿದ್ದ. ಕೇಳಿದ್ದಕ್ಕೆಲ್ಲ ಸೀದಾ ಉತ್ತರ ಕೊಟ್ಟ.

"ನೀವೇ ಅಲ್ವಾ ಅಕ್ಕಾ ಹೇಳಿದ್ದು? ದಯವಿಟ್ಟು ಅಂತ ಬೇರೆ ಹೇಳಿದ್ರಿ. ಮೈಕಲ್ಲಿ ನನಗೆ ಇಷ್ಟು ಮರ್ಯಾದೆಯಲ್ಲಿ ಇಷ್ಟರವರೆಗೆ ಯಾರೂ ಹೇಳಿದ್ದಿಲ್ಲ. ಅದಕ್ಕೇ ಒಂದು ಸುತ್ತು ಜಾಸ್ತಿ ಹೊಡೆದೆ."

"ನೆಲ ಮೆತ್ತಗಾಗ್ತದೆ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತಲ್ಲ. ನನ್ನ ಗಾಡಿಯೇ ಒಮ್ಮೆ ಹೂತದ್ದು. ಆದ್ರೆ ವಿಮಾನದವರದ್ದು ಎಂತಾದ್ರೂ ಲೆಕ್ಕಾಚಾರ ಇರ್ಬಹುದು, ನಾವು ನೀರಿನವರು, ನಮಗೆಂತ ಗೊತ್ತು ಅಂತ ಗ್ರಹಿಸಿದೆ." ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ ಕೇಳಿದ: "ನಿಮ್ಮ ಮಾಮನ ಕೈ ಹೇಗುಂಟು?"

ಅಪಘಾತವಾದ ಮೇಲಿನ ಮೂರು ವಾರದಲ್ಲಿ ನೀರಿನ ವಿಷಯ ಗೊತ್ತಿದ್ದೂ ಕೈಯ ವಿಷಯ ಕೇಳಿದವನು ಅವನೊಬ್ಬನೇ.

ಕೈಗಿಂತ ದೊಡ್ಡದು ಕಾಗದದ ವಿಷಯ. ತನಿಖೆಯವರು ಮಾಮನಿಗೆ ಪತ್ರ ಬರೆದಿದ್ದರು. ಅಪಘಾತಕ್ಕೆ ಕಾರಣವೇನು, ರನ್‌ವೇಯ ಸ್ಥಿತಿ ಹೇಗಿತ್ತು, ಲಿಖಿತವಾಗಿ ತಿಳಿಸಬೇಕು. ಸೋಮವಾರದೊಳಗೆ ಉತ್ತರ ಹೋಗಬೇಕು. ತಪ್ಪು ಪೂರ್ತಿ ತನ್ನದೇ ಎಂದು ಮಾಮ ಬರೆದುಕೊಟ್ಟರೆ, ಆ ವಯಸ್ಸಿನಲ್ಲಿ, ಆ ಕೈಯಲ್ಲಿ, ಲೈಸೆನ್ಸ್ ಮತ್ತೆ ಸಿಗುವುದು ಕಷ್ಟ ಎಂದು ಅವರೇ ಹೇಳಿದ್ದರು. ನೆಲ ಹಸಿಯಾಗಿತ್ತು, ಟ್ಯಾಂಕರಿನ ಹೊಂಡ ಇತ್ತು ಎಂದು ಬರೆದು ನನ್ನ ಫೋಟೋ, ಚೀಟಿ ಎರಡನ್ನೂ ಲಗತ್ತಿಸಿದರೆ ಮಾತು ಬೇರೆ. ಕೈ ಗುಣವಾದ ಮೇಲೆ ಹಾರುವ ದಾರಿ ಉಳಿಯುತ್ತದೆ. ಇಷ್ಟು ಸರಳ. ಇಷ್ಟು ಸರಳವಾದದ್ದನ್ನು ಆ ಮನುಷ್ಯನಿಗೆ ಒಪ್ಪಿಸಲು ನನಗೆ ಆಗಲಿಲ್ಲ.

"ಬಿಡು ಮಾರಾಯ್ತಿ," ಎಂದಳು ಅಮ್ಮ. "ಜೀವ ಉಳೀತಲ್ಲ. ಅವನಿಗೆ ಇನ್ನು ಹಾರುವುದೇ ಬೇಡ." ಆ ದಿನಕ್ಕೆ ತೆಗೆದಿಟ್ಟು ಉಟ್ಟ ಸೀರೆಯ ಅಂಚಿನಲ್ಲಿ ಕೆಂಪು ಕಲೆ ಉಳಿದಿತ್ತು. ನಾಲ್ಕು ಸಲ ಒಗೆದರೂ ಹೋಗಲಿಲ್ಲ ಎಂದು ಐದನೆಯ ಸಲ ಒಗೆಯುತ್ತಿದ್ದಳು.

ಶನಿವಾರ ಮಾಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಕೈಗೆ ವ್ಯಾಯಾಮ ಮಾಡಿಸುವ ದಿನ. ಮುಗಿಸಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತೆವು. ಒಂದು ತಟ್ಟೆ ಬನ್ಸ್, ಎರಡು ಚಹಾ. ಬಲಗೈಯ ಬೆರಳುಗಳಿಗೆ ಬನ್ಸ್ ಹರಿಯಲಿಕ್ಕೂ ಬರುತ್ತಿರಲಿಲ್ಲ. ಎಡಗೈಯಲ್ಲಿ ತಿನ್ನಲು ಮುಜುಗರ. ನಾನು ಹರಿದು ಕೊಟ್ಟೆ. ಅವರು ಬರೆಯುವ ಹಾಗೂ ಇಲ್ಲವಾದ್ದರಿಂದ ಉತ್ತರ ಬರೆಯುವ ಕೆಲಸವೂ ನನ್ನದು.

"ಬರಿ," ಎಂದರು. "ಅಡ್ಡಗಾಳಿಯನ್ನು ಅಂದಾಜು ಮಾಡುವಲ್ಲಿ ನಾನು ತಪ್ಪಿದೆ."

"ಬರೆಯುವುದಿಲ್ಲ. ಅದು ಸುಳ್ಳು."

"ನೀನು ವಕೀಲೆಯಾ, ಬರೆಯುವವಳಾ?"

"ನೀವು ಪೈಲಟಾ, ಆ ಸಮಿತಿಯ ಖಜಾಂಚಿಯಾ? ಯಾಕೆ ಅವರನ್ನು ಕಾಪಾಡ್ತೀರಿ?"

ಮಾಮ ನಕ್ಕರು. "ಯಾರನ್ನೂ ಕಾಪಾಡುವುದಲ್ಲ ಮಗಾ. ನೀರು ಯಾರಾದರೂ ಹೊಡೆಯಲಿ. ಚಕ್ರವನ್ನು ನೆಲಕ್ಕೆ ಮುಟ್ಟಿಸಿದ ಕೈ ಯಾರದ್ದು? ಒಳಗೆ ಕೂತವನದ್ದೇ ಕೊನೆಯ ಮಾತು. ಇಳಿಯದೆ ಇನ್ನೊಂದು ಸುತ್ತು ಹೋಗಬಹುದಿತ್ತು. ಮಂಗಳೂರಿಗೂ ಹೋಗಬಹುದಿತ್ತು, ಪೆಟ್ರೋಲ್ ಇತ್ತು."

"ನೆಲ ಹಸಿ ಅಂತ ಗೊತ್ತಿಲ್ಲದೆ ನೀವು ಯಾಕೆ ಇನ್ನೊಂದು ಸುತ್ತು ಹೋಗಬೇಕು? ಗೊತ್ತಿಲ್ಲದ್ದಕ್ಕೆ ಹೊಣೆ ಹೊರುವುದು ತ್ಯಾಗ ಆಗಬಹುದು, ಸತ್ಯ ಆಗುವುದಿಲ್ಲ."

"ಗೊತ್ತು ಮಾಡಿಕೊಳ್ಳುವುದೇ ನನ್ನ ಕೆಲಸ."

"ಹೇಗೆ ಗೊತ್ತು ಮಾಡಿಕೊಳ್ಳುವುದು ಅಷ್ಟು ಮೇಲಿಂದ?"

"ನೋಡಬಹುದು. ಹಸಿ ಮಣ್ಣು ಮೇಲಿಂದ ಕಪ್ಪಗೆ ಕಾಣ್ತದೆ." ಚಹಾದ ಗ್ಲಾಸನ್ನು ಎಡಗೈಯಿಂದ ಸ್ವಲ್ಪ ದೂರ ಸರಿಸಿದರು. "ನೋಡಿ ಸಂಶಯ ಬಂದರೆ ಕೆಳಗಿದ್ದವರನ್ನು ಕೇಳಬಹುದು."

ನನ್ನ ಪೆನ್ನು ಕಾಗದದ ಮೇಲೆ ಇತ್ತು, ಒಂದು ಅಕ್ಷರವೂ ಮೂಡಿರಲಿಲ್ಲ.

ದುರ್ಬಲ ಜಾಗವನ್ನು ಮೊದಲೇ ತೋರಿಸಿಬಿಡಬೇಕು ಎಂದೆನಲ್ಲ, ಆ ಪಾಠಕ್ಕೆ ಇನ್ನೊಂದು ಅರ್ಧ ಉಂಟು. ಸಣ್ಣ ದೌರ್ಬಲ್ಯವನ್ನು ದೊಡ್ಡ ದನಿಯಲ್ಲಿ ಒಪ್ಪಿಕೊಂಡರೆ, ದೊಡ್ಡದನ್ನು ಯಾರೂ ಹುಡುಕುವುದಿಲ್ಲ. ಚೀಟಿ ಓದಿದ್ದನ್ನು ನಾನು ಅಧ್ಯಕ್ಷರಿಗೆ ಹೇಳಿದೆ, ಚಾಲಕನಿಗೆ ಹೇಳಿದೆ, ಅಮ್ಮನಿಗೆ, ಆಫೀಸಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ಇಲ್ಲಿಯೂ ಶುರುವಿನಲ್ಲೇ ಬರೆದೆ. ಹೇಳದೆ ಉಳಿಸಿಕೊಂಡದ್ದು ಇದು: ಮುಖ್ಯ ಅತಿಥಿಗಳ ಭಾಷಣದ ನಡುವೆ ವಾಕಿಟಾಕಿ ಕರಕರ ಎನ್ನಲು ತೊಡಗಿತು. ಮೈಕಿನ ಪಕ್ಕದಲ್ಲೇ ಇಟ್ಟಿದ್ದರಿಂದ ಆ ಸದ್ದು ಶಾಮಿಯಾನಕ್ಕೆಲ್ಲ ಕೇಳಿತು. ಅತಿಥಿಗಳು ಮಾತು ನಿಲ್ಲಿಸಿ ಅದರ ಕಡೆ ನೋಡಿದರು. ಅಧ್ಯಕ್ಷರು ಕುರ್ಚಿಯಿಂದಲೇ ನನಗೆ ಕೈಸನ್ನೆ ಮಾಡಿದರು, ಕಡಿಮೆ ಮಾಡು ಎಂದು. ನಾನು ಅದರ ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಪೂರ್ತಿ ತಿರುಗಿಸಿದೆ. ಭಾಷಣ ಮುಂದುವರಿಯಿತು. ಸ್ವಲ್ಪ ಹೊತ್ತಿನಲ್ಲಿ ವಿಮಾನದ ಸದ್ದು ಕೇಳಿತು. ಗಾಳಿ ಹೇಗುಂಟು ಎಂದು ಹೇಳಲು ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ನಾನೇ ಮೂರು ವಾರ ಹೇಳಿಕೊಂಡೆ.

ಮೂರು ವಾರದಲ್ಲಿ ಮಾಮನೂ ಆ ವಾಕಿಟಾಕಿಯ ಸುದ್ದಿ ಎತ್ತಲಿಲ್ಲ. ಗಾಳಿಯ ಬಗ್ಗೆ ಮಾತಾಡಿದರು, ಮಣ್ಣಿನ ಬಗ್ಗೆ, ತನ್ನ ಕೈಯ ಬಗ್ಗೆ, ಅಮ್ಮನ ಹಪ್ಪಳದ ಬಗ್ಗೆ ಕೂಡ. ಅದೊಂದನ್ನು ಬಿಟ್ಟು. ಅವರು ತಪ್ಪೆಲ್ಲ ತನ್ನದೇ ಎಂದು ಬರೆಸಲು ಹಟ ಹಿಡಿದದ್ದು ಯಾರಿಗೋಸ್ಕರ ಎಂದು ನಾನು ಊರೆಲ್ಲ ಹುಡುಕಿ ಬಂದಿದ್ದೆ.

"ಗುಂಡಿ ತಿರುಗಿಸಿದ್ದೆ ಮಾಮ," ಎಂದೆ. "ಭಾಷಣಕ್ಕೆ ಅಡ್ಡಿಯಾಗ್ತದೆ ಅಂತ ವಾಕಿಟಾಕಿ ಸೆಟ್ಟಿನ ಗುಂಡಿ ಪೂರ್ತಿ ತಿರುಗಿಸಿದ್ದೆ."

ಅವರು ಆಶ್ಚರ್ಯಪಡಲಿಲ್ಲ. ಬಲಗೈಯನ್ನು ಮೇಜಿನ ಮೇಲಿಟ್ಟು, ವ್ಯಾಯಾಮದವರು ಹೇಳಿಕೊಟ್ಟ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಚಲು ನೋಡುತ್ತಿದ್ದರು. ಮೂರನೆಯ ಬೆರಳು ಅರ್ಧಕ್ಕೇ ನಿಂತಿತು. ಕ್ಯಾಂಟೀನಿನ ಹುಡುಗಿ ಬಂದು ಇನ್ನೊಂದು ಚಹಾ ಬೇಕಾ ಎಂದು ಕೇಳಿ ಹೋದಳು. ನನ್ನ ಮುಂದೆ ಕಾಗದ ಬೆಳ್ಳಗೆ ಇತ್ತು, ಸೋಮವಾರಕ್ಕೆ ಎರಡೇ ದಿನ. ಐದು ವರ್ಷ ಎದುರಾಳಿಗಳನ್ನು ಪ್ರಶ್ನೆ ಕೇಳಿಯೇ ಕೂರಿಸಿದವಳಿಗೆ ಆ ಒಂದು ಪ್ರಶ್ನೆ ಕೇಳಲು ಪೆನ್ನು ಕೆಳಗಿಡಬೇಕಾಯಿತು.

"ಮಾಮ, ಇಳಿಯುವ ಮೊದಲು ಆ ಸೆಟ್ಟಿನಲ್ಲಿ ನೀವು ನನ್ನನ್ನು ಏನಾದರೂ ಕೇಳಿದ್ರಾ?"